ವಸ್ತಾದರ ಬಲಗಾಲು

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂದು ನಮ್ಮತ್ತೆ ಕಲಿಸಿದ್ದರು. ಬರೆಯಬಾರದು ಎಂದು ಯಾರೂ ಹೇಳಿಲ್ಲವಾದ್ದರಿಂದ ಒಂದು ಸಲ ಬರೆದುಬಿಡುತ್ತೇನೆ: ಉಚ್ಚಂಗೆಪ್ಪ. ಕೆಲಸ, ಚನ್ನಗಿರಿ ತಾಲ್ಲೂಕು ತ್ಯಾವಣಿಗೆ ಹತ್ತಿರ ಭದ್ರಾ ಕಾಲುವೆಯ ತೂಬಿನ ಗೇಟು ಎತ್ತುವುದು, ಇಳಿಸುವುದು. ಆಸ್ತಿ, ಒಂದು ಈಟಿ. ಹೆಂಡತಿ, ನಾನು, ನಿರ್ಮಲಮ್ಮ, ಅದೇ ಊರಿನ ಆರೋಗ್ಯ ಉಪಕೇಂದ್ರದ ನರ್ಸು. ಈ ಮೂರರಲ್ಲಿ ಅವರು ದಿನಾ ಎಣ್ಣೆ ಹಚ್ಚಿ ನೋಡಿಕೊಂಡದ್ದು ಈಟಿಯನ್ನು ಮಾತ್ರ.

1971ರಲ್ಲಿ ಮದುವೆಯಾಗಿ ಕಾಲುವೆಯವರ ಕ್ವಾರ್ಟರ್ಸಿಗೆ ಬಂದೆ. ಎರಡೇ ಕೋಣೆ. ಈಟಿ ಎಂಟು ಅಡಿ. ಗೋಡೆಗೆ ಒರಗಿಸಿದರೆ ಸೂರಿಗೆ ತಾಗುತ್ತಿತ್ತು, ನೆಲಕ್ಕೆ ಮಲಗಿಸಿದರೆ ಕಾಲಿಗೆ ತಾಗುತ್ತಿತ್ತು. ಕೊನೆಗೆ ಗೋಡೆಗಳಿಗೆ ಗೂಟ ಹೊಡೆದು ಕೋಣೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಲಾಗಿ ಇಟ್ಟಿದ್ದರು. ಗಟ್ಟಿ ಬಿದಿರಿನ ಕೋಲು, ತುದಿಗೆ ಗೇಣುದ್ದದ ಅಲಗು, ಬುಡಕ್ಕೆ ಒನಕೆಗೆ ಹಾಕಿದಂತೆ ಕಬ್ಬಿಣದ ಅಣಸು. ನಾನು ಬಂದ ಎಂಟನೇ ದಿನ ಬಿಡದೆ ಮಳೆ ಹಿಡಿಯಿತು. ಒದ್ದೆ ಬಟ್ಟೆ ಒಣಹಾಕಲು ಬೇರೆ ಜಾಗವಿರಲಿಲ್ಲ. ತಲೆಯ ಮೇಲೆ ಇಷ್ಟು ಉದ್ದದ ಗಳು ಇರುವಾಗ ಯೋಚನೆ ಯಾಕೆ ಎಂದು ಸೀರೆಯನ್ನು ಅದರ ಮೇಲೆ ಹರವಿದೆ.

ಕೆಲಸ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು.

“ಏನಿದು?”

“ಸೀರೆ.”

“ಅದು ವಸ್ತಾದರು ಕೊಟ್ಟ ಈಟಿ ಕಣೇ!”

“ಹೌದ್ರೀ, ಗಟ್ಟಿ ಐತೆ. ಎರಡು ಸೀರೆ ತಡಿತೈತೆ.”

ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಅವರಾಗಿಯೇ ಮಾತು ತೆಗೆದು ವಸ್ತಾದರ ಕಥೆ ಹೇಳಲು ಶುರುಮಾಡಿದರು. ಆ ಕಥೆ ಮುಂದಿನ ಹನ್ನೆರಡು ವರ್ಷ ನಿಲ್ಲಲಿಲ್ಲ. ಮಾತಾಡದೆ ಇದ್ದ ಆ ಮೂರು ದಿನವೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಗರಡಿಯಲ್ಲಿ ಕಲಿಸುವ ಗುರುವಿಗೆ ನಮ್ಮ ಕಡೆ ವಸ್ತಾದರು ಎನ್ನುತ್ತಾರೆ. ನಮ್ಮನೆಯವರ ವಸ್ತಾದರ ಹೆಸರು ದಾಸಪ್ಪ. ಅವರ ಊರು ಜಗಳೂರು ಕಡೆ. ಹೊಟ್ಟೆಪಾಡಿಗೆ ನ್ಯಾಮತಿಗೆ ಬಂದು ಸಂತೆಯಲ್ಲಿ ಮೂಟೆ ಕಾಯುತ್ತಿದ್ದರು. ಒಂದು ಸಲ ಕಳ್ಳರಿಬ್ಬರನ್ನು ಬರೀ ಗಳು ಹಿಡಿದು ಓಡಿಸಿದ್ದನ್ನು ನೋಡಿ ಊರವರೇ ಕರೆದು ಗರಡಿಗೆ ಕೂರಿಸಿದರಂತೆ. ನಮ್ಮನೆಯವರು ಹದಿನೈದನೇ ವಯಸ್ಸಿನಿಂದ ಹತ್ತು ವರ್ಷ ಅವರ ಹತ್ತಿರ ಈಟಿ ವರಸೆ ಕಲಿತರು. 1966ರಲ್ಲಿ ವಸ್ತಾದರು ಸಾಯುವಾಗ ಈಟಿಯನ್ನು ಇವರ ಕೈಗೆ ಕೊಟ್ಟರು. ಶಿಷ್ಯರಲ್ಲಿ ತಮ್ಮಂತೆಯೇ ಆಡುವವನು ಇವನೊಬ್ಬನೇ ಎಂಬುದು ಕಾರಣ. ತಮ್ಮಂತೆಯೇ ಎಂಬ ಈ ಮಾತು ನೆನಪಿರಲಿ, ನನ್ನ ತಾಪತ್ರಯವೆಲ್ಲ ಅದರಲ್ಲೇ ಇದೆ.

ಆ ಗರಡಿಯ ಈಟಿಗೆ ಒಂದು ವಿಶೇಷ ಇತ್ತು. ಅದಕ್ಕೆ ಎಳೆಹೆಜ್ಜೆ ಎಂದು ಹೆಸರು. ಬಲಗಾಲನ್ನು ಮಂಡಿ ಮಡಿಸದೆ ಸೌದೆಯ ಹಾಗೆ ಬಿಗಿಹಿಡಿಯಬೇಕು. ಪಾದವನ್ನು ನೆಲದ ಮೇಲೆ ಅರ್ಧ ಸುತ್ತು ಎಳೆದು ತಂದು ಮುಂದಿಡಬೇಕು. ಮೈಭಾರವನ್ನೆಲ್ಲ ಧೊಪ್ಪನೆ ಆ ಕಾಲಿನ ಮೇಲೆ ಹಾಕಿ, ಆಮೇಲೆ ಈಟಿಯನ್ನು ಚುಚ್ಚಬೇಕು. ಸುತ್ತಮುತ್ತ ಬೇರೆ ಯಾವ ಗರಡಿಯಲ್ಲೂ ಇದು ಇರಲಿಲ್ಲ. “ನ್ಯಾಮತಿಯೋರು ಈಟಿ ಹಿಡಿದ್ರೆ ನೆಲ ಗುಡಿಸ್ತಾರೆ” ಎಂದು ಹೊನ್ನಾಳಿಯ ಪೈಲವಾನರು ನಗುತ್ತಿದ್ದರಂತೆ. ಹೊಟ್ಟೆಕಿಚ್ಚು ಎನ್ನುತ್ತಿದ್ದರು ನಮ್ಮನೆಯವರು.

ಎಳೆಹೆಜ್ಜೆ ಯಾಕೆ ಎಂದು ಕೇಳಿದರೆ ಒಬ್ಬೊಬ್ಬ ಶಿಷ್ಯ ಒಂದೊಂದು ಹೇಳುತ್ತಿದ್ದ. ವೈರಿಯ ಕಣ್ಣಿಗೆ ಮಣ್ಣು ಹಾರಲಿ ಎಂದು ಒಬ್ಬ. ಎಷ್ಟು ದೂರದಲ್ಲಿದ್ದಾನೆ ಎಂಬ ಅಂದಾಜು ವೈರಿಗೆ ತಪ್ಪಲಿ ಎಂದು ಇನ್ನೊಬ್ಬ. ನಮ್ಮನೆಯವರ ಪ್ರಕಾರ ಭೂಮಿತಾಯಿಯ ಶಕ್ತಿ ಅಂಗಾಲಿನಿಂದ ಹತ್ತಿ ಮಂಡಿಯ ಮೂಲಕ ಈಟಿಗೆ ಹೋಗುತ್ತದೆ. ಮಂಡಿಯಲ್ಲಿ ಏನೇನಿದೆ ಎಂದು ನಾನು ತರಬೇತಿಯಲ್ಲಿ ಓದಿದ್ದೇನೆ. ಭೂಮಿತಾಯಿ ಹೋಗುವಷ್ಟು ಜಾಗ ಅಲ್ಲಿಲ್ಲ.

“ವಸ್ತಾದರು ಏನು ಹೇಳ್ತಿದ್ರು?” ಎಂದು ಕೇಳಿದೆ.

“ಅವರನ್ನ ಕೇಳಂಗಿಲ್ಲ.”

ನಿಜವಾಗಿಯೂ ಕೇಳುವ ಹಾಗಿರಲಿಲ್ಲವಂತೆ. ಗರಡಿಯ ಒಳಗೆ ‘ಯಾಕೆ’ ಎಂದವನು ನೂರು ಬಸ್ಕಿ ಹೊಡೆಯಬೇಕು, ಅದು ಅಲ್ಲಿನ ಕಟ್ಟು. ದಾಸಪ್ಪನವರು ಕಲಿಸುವಾಗ ಎರಡೇ ಮಾತು ಆಡುತ್ತಿದ್ದರು. ನೋಡು. ಮಾಡು. ಉಳಿದಂತೆ ಬಾಯಲ್ಲಿ ಎಲೆಅಡಿಕೆ. ಕೈ ಹೇಗೆ, ಕಣ್ಣು ಹೇಗೆ, ಉಸಿರು ಹೇಗೆ, ಎಲ್ಲವನ್ನೂ ಶಿಷ್ಯರು ನೋಡಿಯೇ ಹಿಡಿಯಬೇಕು.

“ಬೀದೀಲಿ ನಡೀವಾಗ ಹೆಂಗಿದ್ರು?”

“ಹಂಗೇ. ಬಲಗಾಲು ಎಳ್ದೇ ನಡಿತಿದ್ರು. ವರಸೆ ಮಾಡಿ ಮಾಡಿ ಕಾಲು ಹಂಗೇ ನಿಂತುಬಿಟ್ಟಿತ್ತು. ತಪಸ್ಸು ಅಂದ್ರೆ ಅದು ಕಣೇ.”

ನಾನು ಅವರ ಮುಖವನ್ನೇ ನೋಡಿದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಕಥೆ ಕೇಳಿದ್ದೆ. ಈಗ ಅಂಥವರ ಮನೆಯಲ್ಲೇ ಅನ್ನ ಬೇಯಿಸುತ್ತಿದ್ದೆ.

“ಅಲ್ರೀ, ಅವರು ಮೊದಲಿಂದ ಕುಂಟರಾಗಿದ್ದು, ಅದಕ್ಕೇ ಹೆಜ್ಜೆ ಹಂಗೆ ಬಿದ್ದಿರಬಹುದಲ್ವಾ?”

ಅವರಿಗೆ ಬಂದ ಸಿಟ್ಟು ಹೇಳತೀರದು. ಸತ್ತ ಗುರುವಿಗೆ ಕುಂಟ ಎಂದವಳು ನಾನು. ಆ ಸಲ ಮಾತು ಬಿಟ್ಟದ್ದು ಒಂದು ವಾರ.

ದಿನಾ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ನೂರೆಂಟು ಸಲ ಎಳೆಹೆಜ್ಜೆ. ಚಳಿಯಿರಲಿ, ಜ್ವರವಿರಲಿ, ಹೆಂಡತಿಗೆ ಹೆರಿಗೆ ನೋವು ಬಂದಿರಲಿ, ನೂರೆಂಟು ಎಂದರೆ ನೂರೆಂಟೇ. ಗೇಟಿನ ಕೆಲಸಕ್ಕೆ ದಿನಕ್ಕೆ ನಾಲ್ಕೈದು ಮೈಲಿ ಏರಿಯ ಮೇಲೆ ನಡೆಯಬೇಕು, ಆ ನಡಿಗೆ ಬೇರೆ. 1976ರಲ್ಲಿ ಒಂದು ದಿನ ಬೆಳಿಗ್ಗೆ ವರಸೆ ಮುಗಿಸಿ ಹೊಸ್ತಿಲು ದಾಟುವಾಗ ಬಲಗಾಲು ಎತ್ತಲಾಗದೆ ಬಾಗಿಲು ಹಿಡಿದುಕೊಂಡರು. ಗಾಬರಿಯಾಗಿ ಓಡಿಹೋದೆ. ನೋಡಿದರೆ ಮುಖದ ತುಂಬ ನಗು.

“ಬಂತು ಕಣೇ.”

“ಏನು ಬಂತು?”

“ವಸ್ತಾದರ ಕಾಲು.”

ಮಂಡಿ ಊದಿಕೊಂಡಿತ್ತು. ಮುಟ್ಟಿದರೆ ಬಿಸಿ. ಇಪ್ಪತ್ತು ವರ್ಷದ ಸಾಧನೆ ಫಲ ಕೊಟ್ಟಿತೆಂದು ಅವರು ಚಾಪೆಯ ಮೇಲೆ ಕೂತು ಹಿಗ್ಗುತ್ತಿದ್ದರು. ನಾನು ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡುತ್ತ ಬೈಯುತ್ತಿದ್ದೆ. ನೋವು ಬಂದರೆ ಅಳುವವರನ್ನು, ಹೆದರುವವರನ್ನು, ದೇವರಿಗೆ ಹರಕೆ ಹೊರುವವರನ್ನು ನೋಡಿದ್ದೇನೆ. ಮಂಡಿ ಊದಿದ್ದಕ್ಕೆ ಪಕ್ಕದ ಮನೆಗೆ ಹೋಗಿ ತೋರಿಸಿ ಬಂದ ಗಂಡಸನ್ನು ಮಾತ್ರ ಬೇರೆಲ್ಲೂ ಕಂಡಿಲ್ಲ.

ಈ ಹುಚ್ಚು ತಾನಾಗಿ ಇಳಿಯುತ್ತಿತ್ತೋ ಏನೋ. ಆದರೆ 1979ರ ಏಪ್ರಿಲ್ ಬಂತು. ಕಾಲುವೆಯ ಕೊನೆಯ ಭಾಗಕ್ಕೆ ನೀರು ಹತ್ತದೆ ಭತ್ತ ಒಣಗುತ್ತಿತ್ತು. ಅಲ್ಲಿಯ ರೈತರು ಮೂವತ್ತು ಜನ ಹಾರೆ ಹಿಡಿದು ಗೇಟು ಒಡೆಯಲು ಬಂದರು. ನಾನು ಲಸಿಕೆ ಹಾಕಿ ವಾಪಸ್ಸು ಬರುತ್ತಿದ್ದವಳು ಸೇತುವೆಯ ಮೇಲೆ ನಿಂತು ಎಲ್ಲ ನೋಡಿದೆ. ಇವರು ಮನೆಗೆ ಹೋಗಿ ಈಟಿ ತಂದರು. ಗೇಟಿನ ಮುಂದೆ ನಿಂತರು. ಎತ್ತಲಿಲ್ಲ, ಅಲಗನ್ನು ನೆಲದ ಕಡೆಗೇ ಹಿಡಿದಿದ್ದರು.

“ಗೇಟು ಒಡೆದ್ರೆ ಯಾರಿಗೂ ನೀರಿಲ್ಲ. ಸಾಯಂಕಾಲದೊಳಗೆ ಮೇಲಿನ ತೂಬಿನ ಗೇಟು ಇಳಿಸ್ತೀನಿ, ಆ ನೀರು ನಿಮಗೆ ಬರ್ತೈತೆ. ಈಗ ಹಿಂದಕ್ಕೆ ಹೋಗ್ರಿ” ಎಂದರು.

ಯಾರೋ ಒಬ್ಬ ಹಾರೆ ಎತ್ತಿದ. ಇವರು ಈಟಿಯನ್ನು ಎದೆಯ ಎತ್ತರಕ್ಕೆ ತಂದು, ಬಲಗಾಲನ್ನು ಗರ್ರನೆ ಎಳೆದು ಒಂದೇ ಒಂದು ಹೆಜ್ಜೆ ಮುಂದಿಟ್ಟರು. ಮೂವತ್ತು ಜನ ಎರಡು ಹೆಜ್ಜೆ ಹಿಂದೆ ಹೋದರು. ಸಾಯಂಕಾಲ ಹೇಳಿದ ಹಾಗೆ ನೀರು ಬಿಟ್ಟರು, ಯಾರಿಗೂ ಒಂದು ತರಚು ಗಾಯವೂ ಆಗಲಿಲ್ಲ. ಆ ದಿನ ಅವರ ಬಗ್ಗೆ ನನಗೆ ಹೆಮ್ಮೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಹೆಮ್ಮೆ ಊಟಕ್ಕೆ ಕೂರುವವರೆಗೂ ಉಳಿಯಲಿಲ್ಲ.

“ನೋಡಿದ್ಯಾ? ಎಳೆಹೆಜ್ಜೆ!” ಎಂದರು.

“ಅವರು ಹೆದರಿದ್ದು ಎಂಟಡಿ ಈಟಿಗೆ ರೀ. ನಿಮ್ಮ ಕಾಲಿಗಲ್ಲ.”

ಕೋಣನ ಮುಂದೆ ಕಿನ್ನರಿ. ಸರ್ಕಾರಿ ನೌಕರ ಆಯುಧ ಹಿಡಿದು ಕೆಲಸ ಮಾಡಿದ್ದೇಕೆ ಎಂದು ಕಚೇರಿಯಿಂದ ಮೆಮೊ ಬಂತು. ಅದನ್ನು ಇವರು ಪ್ರಶಸ್ತಿಪತ್ರದಂತೆ ಎರಡು ಸಲ ಓದಿಸಿ ಕೇಳಿದರು. ಆಗಲೇ ಏರಿಯ ಮೇಲೆ ಒಂದಿಬ್ಬರು ಕಲಿಯಲು ಬರುತ್ತಿದ್ದರು. ಆ ಘಟನೆಯ ನಂತರ ಆರೇಳು ಜನ ಆದರು. ತಮ್ಮ ಈಟಿಯ ಅಲಗಿಗೆ ಬಟ್ಟೆಯ ಉಂಡೆ ಕಟ್ಟಿ, ಹುಡುಗರಿಗೆ ಬಿದಿರಿನ ಕೋಲು ಹಿಡಿಸಿ, ನೋಡು, ಮಾಡು ಎಂದು ಶುರುವಾಯಿತು. ಆರೇಳು ಜೊತೆ ಒಳ್ಳೆಯ ಮಂಡಿಗಳು ಏರಿಯ ಮಣ್ಣನ್ನು ಗುಡಿಸುವುದನ್ನು ನೋಡುತ್ತ ನಾನು ದಿನಾ ಲಸಿಕೆ ಡಬ್ಬಿ ಹೊತ್ತು ಅದೇ ದಾರಿಯಲ್ಲಿ ಹೋಗಬೇಕಿತ್ತು.

1981ರಲ್ಲಿ ಜಗಳವಾಡಿ ದಾವಣಗೆರೆಗೆ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ಎತ್ತಿ ಹಿಡಿದು ಡಾಕ್ಟರು, “ಏನು ಕೆಲಸ ಮಾಡ್ತೀರಿ? ಬಿಗಿ ಕಾಲನ್ನ ತಿರುಚಿ ತಿರುಚಿ ಭಾರ ಹಾಕಿದಂಗೆ ಸವೆದಿದೆಯಲ್ಲ” ಎಂದರು. ಕಣ್ಣಾರೆ ಕಂಡಂತೆ ಹೇಳಿದರು ಎಂದು ನಾನು ಕೈಮುಗಿದೆ. ಹೊರಗೆ ಬಂದು ಇವರು ಹೇಳಿದ್ದು ಇಷ್ಟು: “ಡಾಕ್ಟರು ಒಳ್ಳೇರು. ಪಾಪ, ಗರಡಿ ಕಂಡಿಲ್ಲ.”

ಅವರ ಕಾಲು ಅವರ ಹಣೆಬರಹ ಎಂದು ಸುಮ್ಮನಾದೆ. ಸುಮ್ಮನಿರಲು ಬಿಡಲಿಲ್ಲ ಜಂಪಣ್ಣ.

ಜಂಪಣ್ಣ ನಲ್ಲೂರಿನವನು, ಇಪ್ಪತ್ತೊಂದು ವರ್ಷದ ಗಟ್ಟಿಮುಟ್ಟಾದ ಆಳು. ದಿನಾ ಸೈಕಲ್ ತುಳಿದುಕೊಂಡು ಕಲಿಯಲು ಬರುತ್ತಿದ್ದ. ತಂದೆ ಇಲ್ಲ. ತಾಯಿ ಕರಿಯಕ್ಕ ಅಡಿಕೆ ಸುಲಿಯುವ ಕೂಲಿಗೆ ಹೋಗಿ ಇವನನ್ನು ಎಸ್ಸೆಸ್ಸೆಲ್ಸಿ ಓದಿಸಿದ್ದಳು. ಪೊಲೀಸ್ ಆಗಬೇಕೆಂಬುದೇ ಅವನ ಜಪ. 1984ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ಕಾನ್‌ಸ್ಟೇಬಲ್ ಆಯ್ಕೆ ಇತ್ತು, ಒಂದು ಮೈಲಿ ಓಡಬೇಕು. ಓಟದಲ್ಲಿ ಅವನನ್ನು ಹಿಡಿಯುವವರು ಸುತ್ತ ಇರಲಿಲ್ಲ. ಹಿಂದಿನ ನವೆಂಬರಿನಲ್ಲಿ ಒಂದು ದಿನ ಉಪಕೇಂದ್ರದ ಬಾಗಿಲಿಗೆ ಬಂದು ನಿಂತ. ಪ್ಯಾಂಟನ್ನು ಬಲ ಮಂಡಿಯವರೆಗೆ ಮಡಿಚಿದ್ದ. ಮಂಡಿ ಊದಿತ್ತು. ಮುಖದಲ್ಲಿ ನಗು.

“ಅಕ್ಕಾರೇ, ನಂಗೂ ಬರಾಕೆ ಶುರುವಾಗೈತೆ.”

ಕೈಯಲ್ಲಿದ್ದ ಟ್ರೇಯನ್ನು ಮೇಜಿನ ಮೇಲೆ ಕುಕ್ಕಿದೆ. ಅಷ್ಟು ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಇನ್ನು ಮೂರು ತಿಂಗಳಿಗೆ ಓಡಬೇಕಾದ ಕಾಲನ್ನು ಮುರಿದುಕೊಂಡು ಬಂದು ಪ್ರಸಾದ ಸಿಕ್ಕಿದವನಂತೆ ತೋರಿಸುತ್ತಾನಲ್ಲ! ಅವನಿಗೆ ಪಟ್ಟಿ ಕಟ್ಟಿ, ಸೈಕಲ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಬಸ್ಸಿಗೆ ಹತ್ತಿಸಿ, ನೇರ ಗೇಟಿನ ಹತ್ತಿರ ಹೋದೆ.

“ಜಂಪಣ್ಣನ ಮಂಡಿ ನೋಡಿದ್ರಾ?”

“ನೋಡಿದೆ. ಎರಡೇ ವರ್ಷಕ್ಕೆ ಬಂದುಬಿಡ್ತು. ನಂಗೆ ಇಪ್ಪತ್ತು ಬೇಕಾಯ್ತು.” ಧ್ವನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

“ಆ ಹುಡುಗ ಫೆಬ್ರವರಿಲಿ ಓಡಬೇಕು ರೀ! ಕುಂಟನ್ನ ಪೊಲೀಸ್‌ಗೆ ತಗಂತಾರಾ? ಕರಿಯಕ್ಕ ಬಂದು ಕೇಳಿದ್ರೆ ಏನು ಹೇಳ್ತೀರಿ?”

“ವಿದ್ಯೆ ಮೈಗೆ ಇಳೀವಾಗ ಹಂಗಾಗ್ತೈತೆ.”

“ಅಪ್ಪ ನೆಟ್ಟ ಆಲದ ಮರ ಅಂತ ನೇಣು ಹಾಕ್ಕಂತಾರೇನ್ರೀ? ನೀವು ಹಾಕ್ಕಂಡಿದ್ದು ಸಾಲದು ಅಂತ ಊರ ಮಕ್ಕಳ ಕುತ್ತಿಗೆಗೂ ಹಗ್ಗ ಬಿಗೀತೀರಲ್ಲ!”

“ವಸ್ತಾದರು ತೋರಿಸಿದ್ದನ್ನ ತಿದ್ದಾಕೆ ನಾನು ಯಾರೇ?” ಎಂದರು. ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿದ ಮೇಲೆ ಗೊತ್ತಾಯಿತು, ನಾನಾಗಲಿ ಡಾಕ್ಟರಾಗಲಿ ಹೇಳಿದರೆ ಇದು ಬಿಡುವಂಥದ್ದಲ್ಲ. ವಸ್ತಾದರ ಕಡೆಯವರೇ ಯಾರಾದರೂ ಹೇಳಬೇಕು.

ಆ ವರ್ಷದ ಆಯುಧ ಪೂಜೆಗೆ ನ್ಯಾಮತಿಗೆ ಹೋಗಿದ್ದಾಗ ಒಬ್ಬರು, ವಸ್ತಾದರ ಅಕ್ಕ ಇನ್ನೂ ಇದ್ದಾರೆ, ಜಗಳೂರು ಹತ್ತಿರದ ಹಳ್ಳಿಯಲ್ಲಿ ಎಂದಿದ್ದು ನೆನಪಿಗೆ ಬಂತು. ಹೆಸರು ಗಾದ್ರಮ್ಮ. ಡಿಸೆಂಬರಿನಲ್ಲಿ ಕಾಲುವೆಗೆ ನೀರು ನಿಲ್ಲಿಸಿದಾಗ ಮೆತ್ತಗೆ ಮಾತು ತೆಗೆದೆ. ವಯಸ್ಸಾದವರು, ಇವತ್ತೋ ನಾಳೆಯೋ, ಒಂದು ಸಲ ಕಾಲಿಗೆ ಬಿದ್ದು ಬರೋಣ ಎಂದೆ. ಇವರು ಹಿರಿಹಿರಿ ಹಿಗ್ಗಿದರು. ಅಕ್ಕನ ಮುಂದೆ ತಮ್ಮನ ವರಸೆ ಮಾಡಿ ತೋರಿಸಬೇಕು ಎಂದು ಈಟಿಯನ್ನೂ ಹೊರಡಿಸಿದರು.

ಎಂಟಡಿ ಈಟಿಯ ಜೊತೆ ಎರಡು ಬಸ್ಸು ಬದಲಿಸಿ ನೋಡಿದವರಿಗೇ ಗೊತ್ತು ಅದರ ಸುಖ. ಬಸ್ಸಿನ ಮೇಲೆ ಹಾಕಿ ಎಂದ ಕಂಡಕ್ಟರ್. ಮೂಟೆಗಳ ಜೊತೆ ಹಾಕಲ್ಲ ಎಂದರು ಇವರು. ಕೊನೆಗೆ ಸೀಟುಗಳ ನಡುವೆ ಉದ್ದಕ್ಕೆ ಹಿಡಿದು ಕೂತರು. ಹತ್ತುವವರು ಇಳಿಯುವವರು ಒಬ್ಬೊಬ್ಬರೂ ಅದನ್ನು ದಾಟುವಾಗ ಒಂದೊಂದು ಮಾತು ಆಡಿದರು. ಎಲ್ಲರೂ ಆಡಿದ್ದು ನನ್ನ ಮುಖ ನೋಡಿಕೊಂಡೇ. ಜಗಳೂರಿನಲ್ಲಿ ಇಳಿದು ಎರಡು ಮೈಲಿ ನಡೆದೆವು.

ಗಾದ್ರಮ್ಮ ಅಂಗಳದಲ್ಲಿ ಮೊರದ ಮುಂದೆ ಕೂತು ಶೇಂಗಾ ಆರಿಸುತ್ತಿದ್ದರು. ಎಂಬತ್ತು ದಾಟಿದ್ದರೂ ಕಣ್ಣು ಕಿವಿ ಚುರುಕಾಗಿದ್ದವು. ತಮ್ಮನ ಶಿಷ್ಯ ಎಂದು ತಿಳಿದ ತಕ್ಷಣ ನಮ್ಮನೆಯವರ ಕೈ ಹಿಡಿದು ಅತ್ತರು. ಈಟಿಯನ್ನು ಗುರುತಿಸಿ, ಕೋಲಿನ ಮೇಲೆ ಕೈಯಾಡಿಸಿದರು.

“ಮಾಡಿ ತೋರಿಸಪ್ಪ. ದಾಸನ ಆಟ ನೋಡಿ ಎಷ್ಟೋ ವರ್ಷ ಆತು.”

ನಮ್ಮನೆಯವರು ಪಂಚೆ ಬಿಗಿದರು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಈಟಿ ತಲೆಯ ಸುತ್ತ ತಿರುಗಿ ಎಡಕ್ಕೆ ಇಳಿದು ಸೊಂಟಕ್ಕೆ ಬಂತು. ನನ್ನ ಗಂಡ ಎಂದು ಹೇಳುತ್ತಿಲ್ಲ, ಕೈ ನೋಡಲು ಎರಡು ಕಣ್ಣು ಸಾಲದು. ಆಮೇಲೆ ಬಲಗಾಲು ಎಳೆದರು. ಗರ್ ಎಂದು ಅಂಗಳದಲ್ಲಿ ಅರ್ಧ ಸುತ್ತು ಗೆರೆ ಬಿತ್ತು. ಧೊಪ್ ಎಂದು ಭಾರ ಹಾಕಿ ಚುಚ್ಚಿದರು. ಮೂರನೆಯ ಸಲ ಎಳೆಯುವಾಗ ಗಾದ್ರಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ ಕೈ ಎತ್ತಿದರು.

“ನಿಲ್ಲಿಸೋ ಮಗನೇ. ನಿನ್ನ ಕಾಲಿಗೇನಾಗೈತೆ?”

“ಏನಿಲ್ಲಮ್ಮ. ಇದು ವಸ್ತಾದರ ಎಳೆಹೆಜ್ಜೆ.”

“ಹೆಜ್ಜೆ ಎಲ್ಲಿಂದ ಬಂತೋ? ಶೇಂಗಾ ತುಂಬಿದ ಗಾಡಿ ಚಕ್ರ ಅವನ ಮಂಡಿ ಮ್ಯಾಲೆ ಹೋಗಿತ್ತು. ಮೂವತ್ತು ವರ್ಷದೋನಿದ್ದ. ಆರು ತಿಂಗಳು ಇದೇ ಅಂಗಳದಾಗೆ ಮಲಗಿದ್ದ. ಎದ್ದ ಮ್ಯಾಲೆ ಕಾಲು ಮಡಿಚಾಕೆ ಬರ್ಲಿಲ್ಲ. ಊರೋರು ಕುಂಟ ದಾಸ ಅನ್ನಾಕೆ ಶುರುಮಾಡಿದ್ರು ಅಂತಾನೇ ಊರು ಬಿಟ್ಟು ನಿಮ್ಮ ಕಡೆ ಬಂದ.”

ನಮ್ಮನೆಯವರು ಈಟಿ ಹಿಡಿದ ಭಂಗಿಯಲ್ಲೇ ನಿಂತಿದ್ದರು.

“ಮೊದಲು ಹೆಂಗಿತ್ತು ಅವರ ಹೆಜ್ಜೆ?” ಕೇಳಿದ್ದು ನಾನು.

“ಬೆಕ್ಕಿನಂಗೆ. ಮಂಡಿ ಮಡಿಚಿ, ಬೆರಳು ಮೊದಲು ಇಟ್ಟು, ಆಮ್ಯಾಲೆ ಹಿಮ್ಮಡಿ. ಇಟ್ಟಿದ್ದೇ ಕೇಳ್ತಿರ್ಲಿಲ್ಲ.” ಆಮೇಲೆ ಅವರು ದನಿ ತಗ್ಗಿಸಿದರು. “ಒಂದು ಸಲ ಬಂದಾಗ ಹೇಳಿದ್ದ ನನ್ನ ಹತ್ರ. ಅಕ್ಕ, ಹುಡುಗ್ರು ನಾನು ಕುಂಟೋದನ್ನೂ ಕಲಿತಾವ್ರೆ ಅಂತ. ಬಾಯಿ ಬಿಟ್ಟು ಹೇಳ್ಬಾರ್ದೇನೋ ಅಂದೆ. ಹೇಳಿದ್ರೆ ಅಲ್ಲೂ ಕುಂಟ ದಾಸ ಆಗ್ತೀನಿ ಅಂದ. ನಾಚಿಕೆ ಅವನಿಗೆ. ಹೇಳ್ಲೇ ಇಲ್ಲ.”

ಹನ್ನೆರಡು ವರ್ಷ ನಾನು ಕಾದಿದ್ದ ಮಾತು ಅದು. ಗೆದ್ದೆ ಎಂದು ಕುಣಿಯಬೇಕಿತ್ತು. ನಮ್ಮನೆಯವರ ಮುಖ ನೋಡಿದೆ, ಕುಣಿಯಲಾಗಲಿಲ್ಲ. ಸತ್ತುಹೋದ ಆ ದಾಸಪ್ಪನವರ ಮೇಲೆ ಕೆಟ್ಟ ಸಿಟ್ಟು ಬಂತು. ಒಂದು ಮಾತು! ಒಂದೇ ಒಂದು ಮಾತು ಹೇಳಿದ್ದರೆ ಈ ಮನುಷ್ಯ ಕಾಲು ಉಳಿಸಿಕೊಳ್ಳುತ್ತಿದ್ದರಲ್ಲ.

ವಾಪಸ್ಸು ಹೊರಟು ದಾವಣಗೆರೆಯಲ್ಲಿ ಇಳಿದೆವು. ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕೊಡಿಸಿದೆ. ಕುಡಿದು ಲೋಟ ಇಟ್ಟು, “ಗಾದ್ರಮ್ಮನಿಗೆ ವಯಸ್ಸಾಗೈತೆ. ನೆನಪು ಸರಿಯಿಲ್ಲ” ಎಂದರು.

ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕಿದೆ. ನಾಯಿ ಬಾಲಕ್ಕೆ ಎಷ್ಟು ದಬ್ಬೆ ಕಟ್ಟಿದರೂ ಅಷ್ಟೇ ಎಂದುಕೊಂಡು, ಜಂಪಣ್ಣನ ತಾಯಿಗೆ ನಾನೇ ಹೇಳಿ ಅವನನ್ನು ಬಿಡಿಸುವುದು ಎಂದು ತೀರ್ಮಾನಿಸಿದೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಏರಿಗೆ ಹೋದರು. ನನಗೆ ಮನಸ್ಸು ತಡೆಯದೆ ಹಿಂದೆಯೇ ಹೋಗಿ ಜಾಲಿ ಗಿಡದ ಮರೆಯಲ್ಲಿ ನಿಂತೆ. ಅವರು ಈಟಿಯನ್ನು ಏರಿಗೆ ಒರಗಿಸಿ ಬರಿಗೈಯಲ್ಲಿ ನಿಂತಿದ್ದರು. ಬಲ ಮಂಡಿ ಮಡಿಚಲು ನೋಡಿದರು. ಬೆರಳು ಮೊದಲು ಇಡಲು ನೋಡಿದರು. ಕಾಲು ಮಡಿಯಲಿಲ್ಲ. ಎರಡು ಕೈಯಿಂದ ತೊಡೆ ಹಿಡಿದು ಎತ್ತಿ ಇಟ್ಟರು. ಭಾರ ಬಿದ್ದ ಕೂಡಲೇ ಪಕ್ಕಕ್ಕೆ ಉರುಳಿದರು. ಎದ್ದು ಮತ್ತೆ ಪ್ರಯತ್ನಿಸಿದರು. ನಾಲ್ಕನೇ ಸಲ ಬಿದ್ದವರು ಏಳಲಿಲ್ಲ, ಅಲ್ಲೇ ಕೂತು ಮಂಡಿಯನ್ನು ಮುಷ್ಟಿಯಿಂದ ಗುದ್ದಿಕೊಂಡರು. ನಾನು ಓಡಿಹೋಗಿ ಕೈ ಹಿಡಿದೆ. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅದಕ್ಕೂ ನನಗೆ ಸಿಟ್ಟೇ ಬಂತು.

“ನಂಗೆ ಆಗಲ್ಲ ನಿರ್ಮಲ” ಎಂದರು.

“ಇಷ್ಟು ದಿನ ಹೇಳಿದ್ದು ಅದನ್ನೇ ಅಲ್ವೇನ್ರೀ!”

ಆ ದಿನ ಸಾಯಂಕಾಲ ಶಿಷ್ಯರನ್ನೆಲ್ಲ ಕರೆಸಿದರು. ಜಂಪಣ್ಣನೂ ಬಂದ. ಅವರೆಲ್ಲರ ಮುಂದೆ ನಿಂತು ಇವರು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

“ನಮ್ಮ ವಸ್ತಾದರು ಕುಂಟರು. ಅವರ ಕಾಲ ಮ್ಯಾಲೆ ಗಾಡಿ ಹೋಗಿತ್ತು. ಅದನ್ನ ವಿದ್ಯೆ ಅಂತ ನಾನು ಕಲಿತೆ. ಈಗ ನಾನೂ ಕುಂಟ. ನಿಮಗೂ ಅದನ್ನೇ ಕಲಿಸಿದೆ. ತಪ್ಪು ನಂದು. ಎಳೆಹೆಜ್ಜೆ ಅನ್ನಾದು ಇಲ್ಲ.”

ಇಬ್ಬರು ನಕ್ಕರು, ಮರುದಿನದಿಂದ ಬರಲಿಲ್ಲ. ಊರಲ್ಲಿ ಇವರಿಗೆ ಕುಂಟ ವಸ್ತಾದ ಎಂದು ಹೆಸರೂ ಬಿತ್ತು. ಅದನ್ನು ಕೇಳಿಸಿಕೊಂಡೇ ಗೇಟಿಗೆ ಹೋಗಿ ಬರುತ್ತಿದ್ದರು. ಜಂಪಣ್ಣನನ್ನು ಒಂದು ತಿಂಗಳು ಮಂಚದ ಮೇಲೆ ಕೂರಿಸಿದೆ. ಕರಿಯಕ್ಕ ಕಾವಲಿದ್ದಳು. ಫೆಬ್ರವರಿಯಲ್ಲಿ ಅವನು ಮೈಲಿಯನ್ನು ಎಲ್ಲರಿಗಿಂತ ಮೊದಲು ಓಡಿ ಮುಗಿಸಿದ. ಆಮೇಲೆ ಎದೆಯಳತೆಯಲ್ಲಿ ಅರ್ಧ ಇಂಚು ಕಡಿಮೆ ಎಂದು ವಾಪಸ್ಸು ಕಳಿಸಿದರು. ಕಾಲು ಉಳಿಸಲು ನಾನು ಪಟ್ಟ ಪಾಡೇನು, ಆ ಪೊಲೀಸಿನವರು ಅಳೆದದ್ದೇನು! ಎರಡು ದಿನ ಅನ್ನ ಸೇರಲಿಲ್ಲ ನನಗೆ. ಅವನು ಮಾತ್ರ ಮುಂದಿನ ವರ್ಷ ಮತ್ತೆ ಹೋಗ್ತೀನಿ ಎಂದು, ಯುಗಾದಿ ಮುಗಿದ ಮೇಲೆ ಕೋಲು ಹಿಡಿದು ಏರಿಗೆ ಬಂದ.

ಆ ದಿನ ಇವರು ಮನೆಯಿಂದ ಕುರ್ಚಿಯನ್ನೂ ಕಂಬಳಿಯನ್ನೂ ತರಿಸಿಕೊಂಡರು. ಬೇಸಿಗೆಯಲ್ಲಿ ಕಂಬಳಿ ಯಾಕೆ ಎಂದು ರೇಗಿದೆ. ಕುರ್ಚಿಯಲ್ಲಿ ಕೂತು ಸೊಂಟದಿಂದ ಪಾದದವರೆಗೆ ಕಂಬಳಿ ಹೊದ್ದುಕೊಂಡರು.

“ಹುಡುಗ್ರು ಕಾಲು ನೋಡ್ಬಾರ್ದು” ಎಂದರು.

ಕೈಗಳನ್ನು ಮಾತ್ರ ಹೊರಗಿಟ್ಟುಕೊಂಡು ಈಟಿ ತಿರುಗಿಸಿ ತೋರಿಸಿದರು. ಕಾಲಿಗೆ ಬಂದಾಗ ಬಾಯಿಂದ ಹೇಳಿದರು. ನೋಡು, ಮಾಡು ಎಂಬ ಎರಡು ಮಾತಿನಲ್ಲಿ ಕಲಿತವರು ಅವತ್ತು ಒಂದು ಹೆಜ್ಜೆಗೆ ಅರ್ಧ ಗಂಟೆ ಮಾತಾಡಿದರು. ಮಂಡಿ ಮಡಿಚು. ಬೆರಳು ಮೊದಲು. ಹಿಮ್ಮಡಿ ಆಮೇಲೆ. ಸದ್ದಾಗಬಾರದು. ಯಾಕೆ ಅಂತ ಬೇಕಾದ್ರೆ ಕೇಳು, ಬಸ್ಕಿ ಹೊಡೆಸಲ್ಲ. ಜಂಪಣ್ಣ ತಪ್ಪಿದ, ಎಡವಿದ, ಅಭ್ಯಾಸಬಲದಿಂದ ಎರಡು ಸಲ ಕಾಲು ಎಳೆದು ಬೈಸಿಕೊಂಡ. ಬಿಸಿಲು ಏರುವ ಹೊತ್ತಿಗೆ ಒಂದು ಸಲ ಅವನ ಮಂಡಿ ಬಾಗಿತು, ಪ್ಯಾಂಟಿನ ಸದ್ದು ಬಿಟ್ಟರೆ ಏನೂ ಕೇಳಲಿಲ್ಲ, ಕೋಲು ನೇರ ಮುಂದೆ ಹೋಗಿ ನಿಂತಿತು. ಅವನು ಹಾಗೇ ನಿಂತು ತಿರುಗಿ ನೋಡಿದ.

“ವಸ್ತಾದ್ರೇ, ಸರಿ ಐತ್ರಾ?”

ನಮ್ಮನೆಯವರು ಕಣ್ಣು ಕೀಳದೆ ಅವನ ಬಲಗಾಲನ್ನೇ ನೋಡುತ್ತಿದ್ದರು.

“ನಂಗೇನು ಗೊತ್ತೋ ಜಂಪಣ್ಣ” ಎಂದರು. “ಈ ಹೆಜ್ಜೆ ನಾನೂ ಇವತ್ತೇ ನೋಡ್ತಿರಾದು. ಇನ್ನೊಂದು ಸಲ ಮಾಡು.”